ನನ್ನ ವೇಗ ಮೂವತ್ತೊಂದಾದ ಬಗೆ

ನಮ್ಮ ಮಂಡ್ಯ ಸೀಮೆಯವರಿಗೆ ಏರುವ ಅಂಕಿಯನ್ನು ಕಂಡರೆ ಪ್ರಾಣ. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದು ಪೇಪರು ಬಿಡಿಸಿದರೆ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟು ಅಡಿಗೆ ಬಂತು ಎಂಬುದನ್ನು. ದೆಹಲಿಯಲ್ಲಿ ಸರ್ಕಾರ ಬಿದ್ದಿದ್ದರೂ ಆ ಸುದ್ದಿ ಆಮೇಲೆ. ಎಕರೆಗೆ ಕಬ್ಬು ಎಷ್ಟು ಟನ್ ಬಂತು, ಡೇರಿಯಲ್ಲಿ ಹಾಲಿಗೆ ಎಷ್ಟು ಫ್ಯಾಟ್ ಬಂತು, ಮಕ್ಕಳಿಗೆ ಎಷ್ಟು ಮಾರ್ಕ್ಸ್ ಬಂತು, ಬೀಗರೂಟಕ್ಕೆ ಎಷ್ಟು ಜನ ಬಂದರು, ಎಲ್ಲದರಲ್ಲೂ ಅಂಕಿ ಮೇಲೆ ಹೋದರೆ ನಮಗೆ ಹಿಗ್ಗು, ಕೆಳಗಿಳಿದರೆ ಹೊಟ್ಟೆಯಲ್ಲಿ ಸಂಕಟ. ಇಳಿಯುವ ಅಂಕಿಯಲ್ಲೂ ಒಳ್ಳೆಯದು ಇದ್ದೀತು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ನನ್ನ ತಪ್ಪಿನಲ್ಲಿ ಇಡೀ ಜಿಲ್ಲೆಯನ್ನು ಪಾಲುದಾರನನ್ನಾಗಿ ಮಾಡಿಕೊಂಡರೆ ನನ್ನ ಪಾಲಿನ ಅವಮಾನ ಸ್ವಲ್ಪ ಕಡಿಮೆಯಾದೀತು ಎಂಬ ಆಸೆ. ಏಕೆಂದರೆ ಈ ತಪ್ಪು ಮಾಡಿದವನು ಗಣಿತದ ಮೇಷ್ಟ್ರು.

ಮಳವಳ್ಳಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ನಾನು ಗಣಿತ ಪಾಠ ಮಾಡಿದೆ. ಮದ್ದೂರಿನ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಲ, ದೂರ, ವೇಗ ಎಂಬ ಪಾಠ ನನ್ನ ಮೆಚ್ಚಿನ ಪಾಠ. ಒಬ್ಬ ಮನುಷ್ಯ ಇಲ್ಲಿಂದ ಹೊರಟ, ಇನ್ನೊಬ್ಬ ಅಲ್ಲಿಂದ ಹೊರಟ, ಎಲ್ಲಿ ಸೇರಿದರು ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ನಾನು ಎಷ್ಟು ಸಾವಿರ ಸಲ ಬಿಡಿಸಿದ್ದೇನೋ. ಇಷ್ಟು ವರ್ಷ ನಾನು ನಡೆಸಿದ ಆ ಇಬ್ಬರು ಮನುಷ್ಯರಲ್ಲಿ ಒಬ್ಬನಾದರೂ ಒಂದು ದಿನ ತಿರುಗಿ ನಿಂತು ನನ್ನನ್ನು ನೋಡಿ ನಗುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಇನ್ನೊಂದು ವಿಷಯಕ್ಕೂ ನಾನು ಹೆಸರುವಾಸಿ. ಉತ್ತರ ಸರಿಯಿದ್ದು ಮುಂದೆ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕತ್ತರಿಸುತ್ತಿದ್ದೆ. 'ಹನ್ನೆರಡು ಅಂದ್ರೆ ಏನು, ಹನ್ನೆರಡು ಬದನೆಕಾಯಾ?' ಎಂದು ಕೇಳಿ ಮಕ್ಕಳನ್ನು ಎದ್ದು ನಿಲ್ಲಿಸುತ್ತಿದ್ದೆ. ಓದುಗರು ದಯವಿಟ್ಟು ಈ ಬದನೆಕಾಯಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ನಿವೃತ್ತಿಯ ದಿನ ನಮ್ಮ ಸ್ಕೂಲಿನವರು ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಕೊನೆಗೆ ಕೈಗೊಂದು ವಾಚು ಕಟ್ಟಿದರು. ನನಗಿಂತ ಮುಂಚೆ ನಿವೃತ್ತರಾದವರಿಗೆಲ್ಲ ಗೋಡೆ ಗಡಿಯಾರ ಕೊಟ್ಟಿದ್ದರು. ನನಗೆ ಸಿಕ್ಕಿದ್ದು ಹೆಜ್ಜೆ ಎಣಿಸುವ, ನಾಡಿ ನೋಡುವ, ಕೂತರೆ ಏಳು ಎಂದು ಕೈ ನಡುಗಿಸುವ ವಾಚು. ನನಗೆ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಗಿರುವುದು ಸ್ಟಾಫ್ ರೂಮಿಗೆಲ್ಲ ಗೊತ್ತಿತ್ತು. ವ್ಯಾಯಾಮದ ಮೇಷ್ಟ್ರು ಅದನ್ನು ನನ್ನ ಫೋನಿಗೆ ಜೋಡಿಸಿಕೊಟ್ಟು, ನಡೆಯುವಾಗ ಇಲ್ಲಿ ಒತ್ತಿ ಸಾರ್, ಮುಗಿದ ಮೇಲೆ ಇಲ್ಲಿ ಒತ್ತಿ, ದೊಡ್ಡದಾಗಿ ಬರುವ ಅಂಕಿಯನ್ನು ನೋಡಿಕೊಳ್ಳಿ ಎಂದರು. ಆ ಅಂಕಿ ಏನೆಂದು ಅವರು ಹೇಳಲಿಲ್ಲ. ಒಬ್ಬ ಗಣಿತದ ಮೇಷ್ಟ್ರಿಗೆ ಅಂಕಿಯ ವಿಷಯ ಹೇಳಿಕೊಡುವುದು ಮರ್ಯಾದೆಯಲ್ಲ ಎಂದುಕೊಂಡಿರಬೇಕು. ಕೇಳುವುದು ಮರ್ಯಾದೆಯಲ್ಲ ಎಂದು ನಾನೂ ಅಂದುಕೊಂಡೆ.

ವಾಚು ಬಂದ ವಾರದಲ್ಲೇ ಮಂಡ್ಯಕ್ಕೆ ಹೋಗಿ ಡಾಕ್ಟರಮ್ಮನನ್ನು ಕಂಡೆ. ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಹೆಡ್ಮೇಷ್ಟ್ರು. ಮೂರು ತಿಂಗಳ ಸರಾಸರಿ ಸಕ್ಕರೆ ಎಂಟೂವರೆ ಇತ್ತು. ಅವರು ಚೀಟಿಯನ್ನು ಪಕ್ಕಕ್ಕಿಟ್ಟು, ಮಾತ್ರೆ ಇನ್ನು ಜಾಸ್ತಿ ಮಾಡುವಂತಿಲ್ಲ, ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ, ಮೂರು ತಿಂಗಳಲ್ಲಿ ಇಳಿಯದಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳುವುದೇ ಎಂದರು. ಎಲ್ಲಿಗೆ ಎಂದು ಕೇಳಿದೆ. ಹೊಟ್ಟೆಗೆ, ದಿನಾ, ಎಂದರು.

ಇಲ್ಲಿ ಒಂದು ಗುಟ್ಟು ಹೇಳಬೇಕು. ನನಗೆ ಸೂಜಿ ಎಂದರೆ ಜೀವ ಹೋಗುತ್ತದೆ. ಸ್ಕೂಲಿಗೆ ಲಸಿಕೆ ಹಾಕುವವರು ಬಂದ ದಿನಗಳಲ್ಲಿ ಮಕ್ಕಳಿಗೆ ಧೈರ್ಯ ಹೇಳಿ ಸಾಲಾಗಿ ನಿಲ್ಲಿಸಿ, ನಾನು ಹಾಜರಿ ಪುಸ್ತಕ ತರುವ ನೆಪದಲ್ಲಿ ಹೋಗಿ ಪ್ರಯೋಗಾಲಯದ ಬೀರುವಿನ ಹಿಂದೆ ನಿಂತಿರುತ್ತಿದ್ದೆ. ಹೊಟ್ಟೆಗೆ ದಿನಾ ಸೂಜಿ ಎಂದು ಕೇಳಿದಾಗ ಕುರ್ಚಿಯ ಕೈ ಹಿಡಿದುಕೊಂಡೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಭಾಗ್ಯ ಒಂದಿಷ್ಟೂ ಗಾಬರಿಯಾಗದೆ, "ಅದಕ್ಯಾಕೆ ಅಷ್ಟೊಂದು ಎದ್ರುಕೋತೀರಿ, ನಾನೇ ಚುಚ್ತೀನಿ ಬುಡಿ," ಎಂದಳು. ಆ ಮಾತಿನಲ್ಲಿ ನನಗೆ ಸಾಂತ್ವನಕ್ಕಿಂತ ಉತ್ಸಾಹ ಹೆಚ್ಚಾಗಿ ಕಂಡಿತು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ಜ್ಞಾಪಕಕ್ಕೆ ಬಂದವು. ಮಾರನೆಯ ಬೆಳಿಗ್ಗೆಯೇ ಶೂ ಕಟ್ಟಿದೆ.

ಮೊದಲ ದಿನ ಶಿಂಷಾ ಹೊಳೆಯ ಕಡೆಗೆ ನಡೆದು ಬಂದು ಗುಂಡಿ ಒತ್ತಿದರೆ ದೊಡ್ಡದಾಗಿ ಹದಿಮೂರು ಎಂದು ಬಂತು. ಅದರ ಕೆಳಗೆ ಇರುವೆ ಗಾತ್ರದ ಅಕ್ಷರಗಳೇನೋ ಇದ್ದವು. ಓದುವ ಕನ್ನಡಕ ಮನೆಯಲ್ಲಿತ್ತು. ನಡೆಯುವುದರ ಅಂಕಿ ಎಂದರೆ ವೇಗವಲ್ಲದೆ ಇನ್ನೇನು? ಮನುಷ್ಯ ಗಂಟೆಗೆ ಹದಿಮೂರು ಕಿಲೋಮೀಟರು ನಡೆಯಲಾರ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಆದರೆ ಪರದೇಶದ ವಾಚು, ಪರದೇಶದ ಅಳತೆ ಇದ್ದೀತು, ನಮಗೆ ಬೇಕಾದ್ದು ಅಂಕಿ ಏರುವುದು ತಾನೇ ಎಂದು ಸಮಾಧಾನ ಮಾಡಿಕೊಂಡೆ. ಬದನೆಕಾಯಿಯ ಮಾತು ನನ್ನ ಮನಸ್ಸಿಗೆ ಬರಲೇ ಇಲ್ಲ.

ಭಾಗ್ಯಳೂ ನಡೆಯುತ್ತಿದ್ದಳು. ಆದರೆ ನಾವು ಜೊತೆಯಲ್ಲಿ ಹೋಗುತ್ತಿರಲಿಲ್ಲ. ಅವಳು ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯವರ ಜೊತೆ ಹೋಗಿ, ಬರುವಾಗ ಹಾಲು ಹೂವು ತಂದು, ನಾನು ಏಳುವ ಹೊತ್ತಿಗೆ ಬಾಗಿಲಿಗೆ ನೀರು ಹಾಕಿರುತ್ತಿದ್ದಳು. ಅವಳ ಫೋನಿಗೂ ನಾನೇ ಅದೇ ಲೆಕ್ಕದ ಆ್ಯಪ್ ಹಾಕಿಕೊಟ್ಟೆ. ಅವಳಿಗೆ ಬಂದದ್ದು ಹನ್ನೊಂದು. ನನಗೆ ಪಾಪ ಎನ್ನಿಸಿತು. ಹೆಂಗಸರಿಗೆ ಸೀರೆ ಅಡ್ಡ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡ, ಅಭ್ಯಾಸ ಮಾಡಿದರೆ ನಿನಗೂ ಹದಿಮೂರು ಬರುತ್ತದೆ ಎಂದು ಬೆನ್ನು ತಟ್ಟಿದೆ. ಅವಳು ಹೂ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

ನಡಿಗೆಯ ವಿಷಯದಲ್ಲಿ ನಾನು ಅವಳಿಗೆ ಬುದ್ಧಿ ಹೇಳುತ್ತಾ ಬಂದದ್ದು ಇಂದು ನಿನ್ನೆಯದಲ್ಲ. ಅವಳ ತವರು ಆತಗೂರು. ಮದುವೆಯಾದ ಹೊಸದರಲ್ಲಿ ಬಸ್ಸಿಳಿದು ಅವರ ಮನೆಗೆ ನಡೆದು ಹೋಗಬೇಕಾದರೆ, ನಮ್ಮ ಕಡೆಯ ಪದ್ಧತಿಯಂತೆ ನಾನು ಮುಂದೆ ಕೈಬೀಸಿಕೊಂಡು ಹೋಗುತ್ತಿದ್ದೆ, ಅವಳು ಬ್ಯಾಗು ಹಿಡಿದು ಹತ್ತು ಮಾರು ಹಿಂದೆ ಬರುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಕಂಕುಳಲ್ಲಿ ಮಗಳು, ಕೈಯಲ್ಲಿ ಬ್ಯಾಗು. ಗಂಡನಾದವನು ಹೆಂಡತಿಯ ಪಕ್ಕದಲ್ಲಿ ನಡೆದರೆ ಜಗಲಿ ಮೇಲೆ ಕೂತವರು ನಗುತ್ತಿದ್ದ ಕಾಲ ಅದು. ಅರ್ಧ ದಾರಿಯಲ್ಲಿ, ಹುಣಸೆಮರದ ತಿರುವಿನಲ್ಲಿ, ನಾನು ನಿಂತು, ಹಿಂದಕ್ಕೆ ತಿರುಗಿ, ಏನು ಕಾಲಿಗೆ ಮೊಳೆ ಹೊಡ್ಕೊಂಡಿದ್ದೀಯಾ, ಬೇಗ ಬಾ ಎಂದು ಕೂಗುತ್ತಿದ್ದೆ. ಅವಳು ಒಂದು ದಿನವೂ ಎದುರು ಮಾತಾಡಿದವಳಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ನಾನು ತಿಳಿದಿದ್ದೆ.

ಈಗ ನನ್ನ ಸಂಶೋಧನೆಗೆ ಬರುತ್ತೇನೆ. ಎರಡನೆಯ ವಾರದಲ್ಲಿ ಒಂದು ದಿನ ದಾರಿಯಲ್ಲಿ ಮರೀಗೌಡ ಸಿಕ್ಕ. ಅವನು ನಿವೃತ್ತ ಲೈನ್‌ಮನ್. ಕಂಬ ಹತ್ತುವುದರಲ್ಲಿ ಎಷ್ಟು ಚುರುಕೋ ಮಾತು ಮುಗಿಸುವುದರಲ್ಲಿ ಅಷ್ಟೇ ನಿಧಾನ. ಅವನ ಜೊತೆ ಕಾಲುವೆ ನೀರಿನ ವಿಷಯ ಮಾತಾಡುತ್ತಾ ಹತ್ತು ನಿಮಿಷ ನಿಂತೆ. ವಾಚು ನಿಲ್ಲಿಸುವುದನ್ನು ಮರೆತಿದ್ದೆ. ಇವತ್ತು ಅಂಕಿ ಇಳಿಯಿತು ಎಂದು ಹೆದರಿಕೊಂಡು ನೋಡಿದರೆ ಹದಿನಾರು! ನನಗೆ ದಿಗ್ಭ್ರಮೆಯಾಯಿತು. ನಿಂತದ್ದರಿಂದ ವೇಗ ಹೆಚ್ಚಿತು! ಮಾರನೆಯ ದಿನ ಬೇಕೆಂತಲೇ ಇನ್ನೂ ಐದು ನಿಮಿಷ ಜಾಸ್ತಿ ನಿಂತೆ. ಹದಿನೆಂಟು. ಕಾಲಿಗೆ ವಿಶ್ರಾಂತಿ ಕೊಟ್ಟರೆ ಆಮೇಲೆ ಅದು ದುಪ್ಪಟ್ಟು ಕೆಲಸ ಮಾಡುತ್ತದೆ ಎಂಬ ಸಿದ್ಧಾಂತ ನನ್ನ ತಲೆಯಲ್ಲಿ ತಯಾರಾಯಿತು. ನಿಧಾನವೇ ಪ್ರಧಾನ ಎಂದು ದೊಡ್ಡವರು ಸುಮ್ಮನೆ ಹೇಳಿದರೇ? ಒಂದು ದಿನ ನಡುವೆ ಹೋಟೆಲಿಗೆ ಹೊಕ್ಕು ಎರಡು ವಡೆ ತಿಂದು, ಕಾಫಿ ಕುಡಿದು, ಪೇಪರು ಓದಿ ಎದ್ದು ಬಂದೆ. ಇಪ್ಪತ್ತೆರಡು ಬಂತು. ನಮ್ಮೂರ ವಡೆಯಲ್ಲಿ ಈ ಶಕ್ತಿಯಿದೆ ಎಂದು ಇಷ್ಟು ದಿನ ತಿಳಿಯದೆ ಹೋದದ್ದಕ್ಕೆ ನನಗೆ ನಿಜವಾಗಿ ಖೇದವಾಯಿತು.

ಮಾರನೆಯ ದಿನವೇ ಗ್ರಾಫ್ ಹಾಳೆ ತಂದು ಊಟದ ಮನೆಯ ಗೋಡೆಗೆ ಅಂಟಿಸಿ ದಿನಕ್ಕೊಂದು ಚುಕ್ಕಿ ಇಟ್ಟು ಗೆರೆ ಎಳೆಯತೊಡಗಿದೆ. ಗೆರೆ ಬೆಟ್ಟ ಹತ್ತಿದ ಹಾಗೆ ಹತ್ತುತ್ತಿತ್ತು. ಮರೀಗೌಡನಿಗೂ ಹೊಳೆಯ ಕಡೆ ಬರುವ ಇನ್ನೂ ನಾಲ್ಕೈದು ಜನ ನಿವೃತ್ತರಿಗೂ ನನ್ನ ಸಿದ್ಧಾಂತ ಬೋಧಿಸಿದೆ. ಮೊದಲು ಧಾವಂತದಲ್ಲಿ ನಡೆಯುತ್ತಿದ್ದವರೆಲ್ಲ ನನ್ನ ಮಾತು ಕೇಳಿ ಹೆಜ್ಜೆಗೊಮ್ಮೆ ನಿಂತು, ಕಟ್ಟೆ ಕಂಡಲ್ಲಿ ಕೂತು, ವಡೆ ತಿಂದು ನಡೆಯತೊಡಗಿದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ನನಗೆ ಇಂಥ ವಿಧೇಯ ತರಗತಿ ಸಿಕ್ಕಿರಲಿಲ್ಲ. ಒಂದು ದಿನ ರೈಲ್ವೆ ಗೇಟಿನ ಹತ್ತಿರ ಎರಡು ರೈಲು ಹೋಗುವವರೆಗೂ ನಿಂತು, ಕಬ್ಬಿನ ಕಟಾವಿನ ಬಗ್ಗೆ ಒಂದು ದೀರ್ಘ ಚರ್ಚೆ ಮುಗಿಸಿ ಮನೆಗೆ ಬಂದೆ. ಮೂವತ್ತೊಂದು! ಹೊಸ್ತಿಲಲ್ಲೇ ನಿಂತು ಭಾಗ್ಯಳನ್ನು ಕರೆದು ತೋರಿಸಿದೆ. ಅವಳು ತನ್ನ ಫೋನು ನೋಡಿಕೊಂಡು, "ನಂದು ಇವತ್ತೂ ಹನ್ನೊಂದೇ ಕಣ್ರೀ," ಎಂದಳು. ನೀನೂ ನಿಂತು ನಿಂತು ನಡಿ ಎಂದೆ. ನಿಂತರೆ ತಿಂಡಿ ಯಾರು ಮಾಡುತ್ತಾರೆ ಎಂದು ಕೇಳಿ ಒಳಗೆ ಹೋದಳು.

ಮೂರು ತಿಂಗಳಾಯಿತು. ರಕ್ತ ಕೊಟ್ಟು (ಕಣ್ಣು ಮುಚ್ಚಿಕೊಂಡು, ಭಾಗ್ಯಳ ಕೈ ಹಿಡಿದುಕೊಂಡು ಕೊಟ್ಟೆ), ಗ್ರಾಫ್ ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮಂಡ್ಯಕ್ಕೆ ಹೋದೆ. ಡಾಕ್ಟರಮ್ಮನ ಮೇಜಿನ ಮೇಲಿದ್ದ ಚೀಟಿಯಲ್ಲಿ ಒಂಬತ್ತೂಕಾಲು ಎಂದಿತ್ತು. ಅಭ್ಯಾಸಬಲ ನೋಡಿ, ಅಂಕಿ ಏರಿದ್ದು ಕಂಡು ನನಗೆ ಅರೆಕ್ಷಣ ಸಂತೋಷವೇ ಆಯಿತು. ಆಮೇಲೆ ಅದು ಸಕ್ಕರೆಯ ಅಂಕಿ ಎಂದು ನೆನಪಾಯಿತು. ನಡೆಯುತ್ತಿದ್ದೀರೋ ಇಲ್ಲವೋ ನಿಜ ಹೇಳಿ ಎಂದು ಅವರು ಕೇಳಿದರು. ನಾನು ಸುರುಳಿ ಬಿಚ್ಚಿದೆ. ಅವರು ಆ ಗೆರೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಇದು ವೇಗವೇ ಎಂದು ಕೇಳಿದರು. ಹೌದು, ಹದಿಮೂರರಿಂದ ಮೂವತ್ತೊಂದಕ್ಕೆ ಏರಿಸಿದ್ದೇನೆ ಎಂದೆ. ಹಿಂದೆ ಬೇರೆ ರೋಗಿಗಳು ಕಾಯುತ್ತಿದ್ದರು. ಈ ವೇಗಕ್ಕೆ ಸಕ್ಕರೆ ಇಳಿಯಬೇಕಿತ್ತಲ್ಲ ಎಂದು ಹಣೆ ಉಜ್ಜಿಕೊಂಡು, ಇನ್ನೊಂದೇ ಒಂದು ಅವಕಾಶ ಕೊಡುತ್ತೇನೆ, ಮತ್ತೆ ಮೂರು ತಿಂಗಳು, ಆಮೇಲೆ ಸೂಜಿಯೇ ಎಂದು ಬರೆದುಕೊಟ್ಟರು. ಸೂಜಿ ಚುಚ್ಚುವುದು ಹೇಗೆಂದು ಭಾಗ್ಯಳಿಗೆ ಹೇಳಿಕೊಡಲು ನರ್ಸಮ್ಮನಿಗೂ ಹೇಳಿದರು. ಭಾಗ್ಯ ಗಮನವಿಟ್ಟು ಕೇಳಿಸಿಕೊಂಡಳು.

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಬೆವರು ಸುರಿಸಿ (ಅಷ್ಟೇನೂ ಸುರಿಸಿರಲಿಲ್ಲ ಎಂಬುದು ಆಗ ತೋಚಲಿಲ್ಲ) ದಿನಾ ನಡೆದವನಿಗೆ ಈ ಶಿಕ್ಷೆಯೇ? ಲ್ಯಾಬಿನವರ ಮೇಲೆ ಅನುಮಾನಪಟ್ಟೆ, ಮಾತ್ರೆಯ ಮೇಲೆ ಅನುಮಾನಪಟ್ಟೆ, ಭಾಗ್ಯ ಸಾರಿಗೆ ಬೆಲ್ಲ ಹಾಕುತ್ತಿರಬಹುದೆಂದು ಅವಳ ಮೇಲೂ ಅನುಮಾನಪಟ್ಟೆ. ವಡೆಯ ಮೇಲೆ ಮಾತ್ರ ಪಡಲಿಲ್ಲ. ಅದೇ ಸಿಟ್ಟಿನಲ್ಲಿ ಆ ಭಾನುವಾರ ಅತ್ತೆಯವರನ್ನು ನೋಡಲು ಆತಗೂರಿಗೆ ಹೋದೆವು.

ಬಸ್ಸಿಳಿದೆ. ವಾಚಿನ ಗುಂಡಿ ಒತ್ತಿದೆ. ಸಿಟ್ಟಿನಲ್ಲಿದ್ದವನಿಗೆ ನಿಲ್ಲುವ ವಿಶ್ರಮಿಸುವ ಸಿದ್ಧಾಂತವೆಲ್ಲ ಮರೆತುಹೋಯಿತು. ಹಳೆಯ ಕಾಲದ ಹಾಗೆ ಬಿರುಬಿರನೆ ನಡೆದೆ. ಗದ್ದೆ ಬದುವಿನ ಮೇಲಿದ್ದ ಯಾರೋ ಮಾತಾಡಿಸಿದರೂ ನಿಲ್ಲಲಿಲ್ಲ. ಭಾಗ್ಯ ಬ್ಯಾಗು ಹಿಡಿದು ಹಿಂದೆ ಬರುತ್ತಿದ್ದಳು. ಅತ್ತೆಯವರ ಜಗಲಿ ಮುಟ್ಟಿದಾಗ ಅಂಗಿ ಬೆನ್ನಿಗೆ ಅಂಟಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಇವತ್ತು ನಲವತ್ತು ದಾಟಿರಬೇಕು ಎಂದು ಗುಂಡಿ ಒತ್ತಿದರೆ ಹತ್ತು! ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಹೆಂಡತಿಗಿಂತ ಕಡಿಮೆ! ಈ ವಾಚು ಕೆಟ್ಟಿದೆ, ನನಗೆ ಮೂರು ತಿಂಗಳಿಂದ ಮೋಸ ಮಾಡಿದೆ ಎಂದು ಜಗಲಿಯ ಮೇಲೆ ಕೂತು ಕೂಗಾಡಿದೆ.

ನಮ್ಮ ಅತ್ತೆ ನಿಂಗಮ್ಮನವರು ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಎಂಬತ್ತು ದಾಟಿದೆ, ಕಿವಿ ಚುರುಕು, ನಾಲಗೆ ಇನ್ನೂ ಚುರುಕು. ಎಲೆಗೆ ಸುಣ್ಣ ಸವರುತ್ತಾ ಕೂತಿದ್ದವರು, ಏನು ತೋರಿಸುತ್ತದೆ ಅದು ಎಂದು ಕೇಳಿದರು. ಎಷ್ಟು ಜೋರಾಗಿ ನಡೆದೆ ಎಂದು ತೋರಿಸುತ್ತದೆ ಎಂದೆ. ನಿಂತರೆ ಏರುತ್ತದೆ, ವಡೆ ತಿಂದರೆ ಏರುತ್ತದೆ, ಓಡಿದರೆ ಇಳಿಯುತ್ತದೆ, ಇಂಥ ಅನ್ಯಾಯ ಎಲ್ಲಾದರೂ ಉಂಟೇ ಎಂದು ದೂರು ಕೊಟ್ಟೆ. ಅತ್ತೆ ಎಲೆ ಮಡಿಸಿ ದವಡೆಗಿಟ್ಟುಕೊಂಡರು.

"ಅಳಿಯಂದ್ರೆ, ಅದು ಜೋರು ತೋರುಸ್ತಾ ಇಲ್ಲ ಕಣಪ್ಪ, ಒತ್ತು ತೋರುಸ್ತಾದೆ, ಎಷ್ಟೊತ್ತು ಇಡೀತು ಅಂತ. ನಮ್ಮಪ್ಪ ಇಲ್ಲಿಂದ ಕೆರೆ ಏರಿಗೆ ಓಗೋಕೆ ಒಂದ್ ಎಲೆಡ್ಕೆ ಸಾಕಾಗಿತ್ತು. ನಿಮ್ಮ ಮಾವ ಅಲ್ಲಲ್ಲೇ ನಿಂತ್ಕಂಡು ಮಾತಾಡ್ಕಂಡು ಓಗೋರು, ಅವ್ರಿಗೆ ಮೂರ್ ಎಲೆಡ್ಕೆ ಬೇಕಾಗಿತ್ತು. ಎಲೆಡ್ಕೆ ಎಚ್ಚಾದಷ್ಟೂ ಕಾಲು ಸೋಮಾರಿ ಅಂತ ಲೆಕ್ಕ."

ಈ ಭಾಗದ ಹಳೆಯ ಜನರಿಗೆ ದಾರಿಯನ್ನು ಮೈಲಿಯಲ್ಲಿ ಹೇಳುವ ಅಭ್ಯಾಸವಿಲ್ಲ. ಆ ಊರು ಎಷ್ಟು ದೂರ ಎಂದರೆ ಒಂದು ಎಲೆಯಡಿಕೆ ದೂರ, ಎರಡು ಎಲೆಯಡಿಕೆ ದೂರ ಎನ್ನುತ್ತಾರೆ. ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಜಗಿದು ಮುಗಿಯುವಷ್ಟರಲ್ಲಿ ನಡೆಯುವ ದಾರಿ ಎಂದರ್ಥ. ಇದು ಅವೈಜ್ಞಾನಿಕ ಎಂದು ನಾನು ಪ್ರತಿ ವರ್ಷ ಎಂಟನೆಯ ತರಗತಿಯಲ್ಲಿ ನಗಾಡುತ್ತಿದ್ದೆ. ಈಗ ನಗು ಬರಲಿಲ್ಲ. ಬ್ಯಾಗಿನಲ್ಲಿದ್ದ ಕನ್ನಡಕ ತೆಗೆದು ಹಾಕಿಕೊಂಡು, ವಾಚನ್ನು ಮೂಗಿನ ಹತ್ತಿರ ಹಿಡಿದು, ಆ ದೊಡ್ಡ ಹತ್ತರ ಕೆಳಗಿದ್ದ ಇರುವೆಗಳನ್ನು ಓದಿದೆ. ಒಂದು ಕಿಲೋಮೀಟರಿಗೆ ನಿಮಿಷ, ಎಂದಿತ್ತು. ಮೊದಲ ದಿನದಿಂದಲೂ ಎಂದಿತ್ತು.

ಕನ್ನಂಬಾಡಿ ಕಟ್ಟೆ ಒಡೆದು ನೀರು ಬಂದರೂ ನಾನು ಅಷ್ಟು ಬೆಚ್ಚಿಬೀಳುತ್ತಿರಲಿಲ್ಲವೇನೋ. ಏಕಮಾನ! ಅರ್ಧ ಅಂಕಕ್ಕೆ ಮಕ್ಕಳನ್ನು ಅಳಿಸಿದವನು ಮೂರು ತಿಂಗಳು ಏಕಮಾನ ನೋಡದೆ ಗೋಡೆಯ ಮೇಲೆ ಗೆರೆ ಎಳೆದಿದ್ದೆ. ಮೂವತ್ತೊಂದು ಎಂದರೆ ಒಂದು ಕಿಲೋಮೀಟರಿಗೆ ಮೂವತ್ತೊಂದು ನಿಮಿಷ. ಗಂಟೆಗೆ ಎರಡು ಕಿಲೋಮೀಟರು ಕೂಡ ಇಲ್ಲ. ಕಬ್ಬು ಹೇರಿದ ಎತ್ತಿನ ಗಾಡಿ ನನ್ನನ್ನು ದಾಟಿ ಹೋಗುತ್ತದೆ. ದಾಟಿಯೂ ಹೋಗಿತ್ತು! ರೈಲ್ವೆ ಗೇಟಿನ ಹತ್ತಿರ ಒಂದು ಗಾಡಿ ನನ್ನನ್ನು ಹಿಂದೆ ಹಾಕಿದ್ದು ನೆನಪಾಯಿತು. ಆ ಎತ್ತುಗಳನ್ನು ಚೆನ್ನಾಗಿ ಸಾಕಿದ್ದಾನೆ ಎಂದು ನಾನು ಮೆಚ್ಚಿಕೊಂಡಿದ್ದೆ.

ಅದರ ಹಿಂದೆಯೇ ಇನ್ನೊಂದು ನೆನಪು ಬಂದು ಕೂತಿತು. ಎಷ್ಟೋ ವರ್ಷದ ಕೆಳಗೆ ಚಿಕ್ಕರಸಿನಕೆರೆಯಿಂದ ಬಂದು ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ಒಂದು ಗಂಟೆಗೆ ನಾಲ್ಕು ಕಿಲೋಮೀಟರು ನಡೆದವನ ವೇಗ ಎಷ್ಟು ಎಂಬ ಪ್ರಶ್ನೆಗೆ ಅವಳು, ಅವನಿಗೆ ಒಂದು ಕಿಲೋಮೀಟರಿಗೆ ಕಾಲು ಗಂಟೆ ಬೇಕು ಎಂದು ಬರೆದಿದ್ದಳು. ನಾನು ಸೊನ್ನೆ ಹಾಕಿದ್ದೆ. ಸಾಲದೆಂದು ಅದನ್ನು ತರಗತಿಗೆಲ್ಲ ಓದಿ ಹೇಳಿ ನಗಿಸಿದ್ದೆ. ಈಗ ಆ ವಾಚನ್ನು ಮಾಡಿದವರು ಅವಳ ಹಾಗೆಯೇ ಲೆಕ್ಕ ಹಾಕಿ ಪ್ರಪಂಚಕ್ಕೆಲ್ಲ ಮಾರುತ್ತಿದ್ದಾರೆ. ಕ್ಷಮೆ ಕೇಳೋಣವೆಂದರೆ ಅವಳ ಹೆಸರು ನೆನಪಿಲ್ಲ. ದುಂಡಗಿನ ಅಕ್ಷರ ಮಾತ್ರ ನೆನಪಿದೆ. ನನಗೆ ತುಂಬಾ ನಾಚಿಕೆಯಾಯಿತು.

ಇಷ್ಟರಲ್ಲಿ ಭಾಗ್ಯ ಕೈಕಾಲು ತೊಳೆದು ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ನಿಧಾನವಾಗಿ, "ಅಂಗಾರೆ ನನ್ನ ಹನ್ನೊಂದು?" ಎಂದು ಕೇಳಿದಳು. ನಾನು ನೆಲ ನೋಡುತ್ತಾ, ನಿನ್ನದು ಬಹಳ ಚೆನ್ನಾಗಿದೆ ಎಂದೆ. ಅವಳಿಗೆ ಕೇಳಿಸಲಿಲ್ಲವೋ ಏನೋ, ಇನ್ನೊಂದು ಸಲ ಹೇಳಿಸಿದಳು. ಅತ್ತೆಗೆ ಕಿವಿ ಚೆನ್ನಾಗಿದ್ದರೂ ಅವರೂ ಇನ್ನೊಂದು ಸಲ ಹೇಳಿಸಿದರು.

ಮದ್ದೂರಿಗೆ ಬಂದ ಮೇಲೆ ನನ್ನ ಶಿಷ್ಯರ ಮುಂದೆ ತಪ್ಪೊಪ್ಪಿಕೊಳ್ಳುವ ಕೆಲಸ ಬಾಕಿಯಿತ್ತು. ಎರಡು ದಿನ ಮುಂದೂಡಿದೆ. ಮೂರನೆಯ ದಿನ ಹೊಳೆಯ ಹತ್ತಿರದ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ, ನಾನು ಹೇಳಿದ್ದೆಲ್ಲ ತಿರುಗುಮುರುಗು, ನಿಮ್ಮೆಲ್ಲರ ಮೂರು ತಿಂಗಳು ಹಾಳು ಮಾಡಿದೆ, ಕ್ಷಮಿಸಬೇಕು ಎಂದೆ. ಒಬ್ಬರೂ ಬೆರಗಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮರೀಗೌಡ ಗಂಟಲು ಸರಿಮಾಡಿಕೊಂಡು, "ನಮ್ಗೆ ಮೊದ್ಲೇ ಗೊತ್ತಿತ್ತು ಮೇಷ್ಟ್ರೆ. ನಿಂತ್ಕಂಡು ವಡೆ ತಿನ್ನಿ ಅಂತ ಲೆಕ್ಕದ್ ಮೇಷ್ಟ್ರೇ ಏಳುವಾಗ ಬ್ಯಾಡ ಅನ್ನೋಕೆ ನಮ್ಗೇನ್ ತಲೆ ಕೆಟ್ಟಿತ್ತಾ?" ಎಂದ. ಮನೆಯಲ್ಲಿ ಕೇಳಿದರೆ ಮೇಷ್ಟ್ರ ಅಪ್ಪಣೆ ಎಂದು ಹೇಳುತ್ತಿದ್ದರಂತೆ. ಈಗ ಏನು ಹೇಳುವುದು ಎಂಬುದೇ ಅವರ ಚಿಂತೆ. ನನ್ನ ವಿಧೇಯ ತರಗತಿಯ ವಿಧೇಯತೆಯ ಮೂಲ ಅಂದು ತಿಳಿಯಿತು. ಹಿಂದಿನ ಇಪ್ಪತ್ತೊಂಬತ್ತು ವರ್ಷಗಳ ವಿಷಯದಲ್ಲೂ ಸಣ್ಣ ಅನುಮಾನ ಶುರುವಾಗಿದೆ.

ಅಂದಿನಿಂದ ಭಾಗ್ಯ ನನ್ನನ್ನು ಅವರ ಜೊತೆ ಬಿಡಲಿಲ್ಲ. ಬೆಳಗಾಗುವಷ್ಟರಲ್ಲಿ ಎಬ್ಬಿಸಿ ತನ್ನ ಜೊತೆ ಹೊರಡಿಸಿದಳು. ಜೊತೆ ಎಂದರೆ ಮೊದಲ ನೂರು ಮಾರು ಜೊತೆ. ಆಮೇಲೆ ಅವಳು ಮುಂದೆ, ನಾನು ಹಿಂದೆ. ಹೋಟೆಲಿನ ಮುಂದೆ ಬಂದಾಗ ಅವಳು ತಿರುಗಿ ನೋಡುವುದೂ ಇಲ್ಲ, ಹೆಜ್ಜೆ ಬಿರುಸು ಮಾಡುತ್ತಾಳೆ ಅಷ್ಟೆ. ನಾನೂ ಮಾಡಬೇಕಾಗುತ್ತದೆ, ಏಕೆಂದರೆ ಮನೆಯ ಬೀಗದ ಕೈ ಅವಳ ಸೊಂಟದಲ್ಲಿರುತ್ತದೆ. ಗ್ರಾಫ್ ಹಾಳೆಯನ್ನು ಅವಳೇ ಗೋಡೆಯಿಂದ ತೆಗೆದು, ತಲೆಕೆಳಗು ಮಾಡಿ ಮತ್ತೆ ಅಂಟಿಸಿದಳು. ಮೂವತ್ತೊಂದರಿಂದ ಇಪ್ಪತ್ತು, ಇಪ್ಪತ್ತರಿಂದ ಹದಿನೈದು, ಹದಿನೈದರಿಂದ ಹನ್ನೆರಡೂವರೆ. ಇಳಿಯುವ ಅಂಕಿಯನ್ನು ನೋಡಿ ಸಂತೋಷಪಡಲು ನನ್ನ ಹೊಟ್ಟೆ ಮಾತ್ರ ಇನ್ನೂ ಕಲಿತಿಲ್ಲ. ಮೂರು ತಿಂಗಳ ಮೇಲೆ ಮಂಡ್ಯಕ್ಕೆ ಹೋದಾಗ ಸಕ್ಕರೆ ಏಳೂಮುಕ್ಕಾಲಿಗೆ ಇಳಿದಿತ್ತು. ಸೂಜಿ ಬೇಡ, ಹೀಗೇ ಮುಂದುವರಿಸಿ ಎಂದರು ಡಾಕ್ಟರಮ್ಮ. ನನಗೆ ಮೇಜಿನ ಮೇಲೆ ತಲೆಯಿಟ್ಟು ಅಳುವಷ್ಟು ಸಮಾಧಾನವಾಯಿತು. ಈ ಸಲ ಹೇಗೆ ಇಳಿಸಿದಿರಿ ಎಂದು ಅವರು ಕೇಳಿದ್ದು ನನ್ನನ್ನು, ಉತ್ತರ ಕೊಟ್ಟವಳು ಭಾಗ್ಯ. ನಾನು ಮುಂದೆ ನಡೆಯುತ್ತೇನೆ, ಅವರು ಹಿಂದೆ ಬರುತ್ತಾರೆ ಎಂದಳು.

ಮೊನ್ನೆ ಅತ್ತೆಗೆ ಈ ಸುದ್ದಿ ಹೇಳಲು ಆತಗೂರಿಗೆ ಹೋದೆವು. ಬಸ್ಸಿಳಿದಾಗ ಬ್ಯಾಗು ನನ್ನ ಕೈಗೆ ಬಂತು. ಅದರಲ್ಲಿ ಎರಡು ಚಿಪ್ಪು ಬಾಳೆಹಣ್ಣು, ಎರಡು ಕಟ್ಟು ವೀಳ್ಯದೆಲೆ, ಅತ್ತೆಗೆ ಒಂದು ಕಂಬಳಿ. ಭಾಗ್ಯ ಕೈಬೀಸಿಕೊಂಡು ಮುಂದೆ ಹೋದಳು. ಸ್ವಲ್ಪ ದೂರದಲ್ಲೇ ಬ್ಯಾಗು ಬಲಗೈಯಿಂದ ಎಡಗೈಗೆ ಬಂತು, ಎಡಗೈಯಿಂದ ಹೆಗಲಿಗೆ ಏರಿತು, ಮತ್ತೆ ಬಲಗೈಗೆ ಇಳಿಯಿತು. ಅವಳ ಬೆನ್ನು ದೂರವಾಗುತ್ತಲೇ ಇತ್ತು. ಹೆಂಡತಿಯ ಬೆನ್ನನ್ನು ಅಷ್ಟು ಹೊತ್ತು ನಾನು ನೋಡಿದ್ದೇ ಇಲ್ಲ ಎಂದು ಆಗ ಅನ್ನಿಸಿತು. ನಾನು ಕೂಗುತ್ತಿದ್ದ ಜಾಗದಲ್ಲೇ, ಅದೇ ಹುಣಸೆಮರದ ತಿರುವಿನಲ್ಲಿ, ಅವಳು ನಿಂತು ಹಿಂದಕ್ಕೆ ತಿರುಗಿದಳು.

"ಏನು, ಕಾಲಿಗೆ ಮೊಳೆ ಒಡ್ಕಂಡಿದ್ದೀರಾ? ಬೇಗ ಬನ್ನಿ."

ತಿರುವಿನ ಮನೆಯ ಜಗಲಿಯ ಮೇಲೆ ಕೂತಿದ್ದವರು ನಕ್ಕರು. ಸರಿಯಾದ ಒಂದು ಉತ್ತರ ನನ್ನ ನಾಲಗೆಯ ತುದಿಗೆ ಬಂತು. ಬಾಯಿ ತೆರೆದೆ. ಮೂವತ್ತು ವರ್ಷ ಅವಳು ಈ ತಿರುವಿನಲ್ಲಿ ಒಂದು ಮಾತೂ ಆಡದೆ ಬಂದದ್ದು ಒಪ್ಪಿಗೆಯಿಂದ ಎಂದು ತಿಳಿದಿದ್ದೆನಲ್ಲ, ಅದು ಒಪ್ಪಿಗೆಯಲ್ಲ ಎಂದು ಆಗ ಗೊತ್ತಾಯಿತು. ಬ್ಯಾಗು ಹಿಡಿದು ಹಿಂದೆ ಬರುವವರಿಗೆ ಉತ್ತರ ಕೊಡಲು ಉಸಿರೇ ಉಳಿದಿರುವುದಿಲ್ಲ. ಬಾಯಿ ಮುಚ್ಚಿಕೊಂಡು ಬೇಗ ಬೇಗ ಹೆಜ್ಜೆ ಹಾಕಿದೆ.